ಆಟ ಬಿಟ್ಟವರು ಆಟ ಕಲಿಸುವಾಗ: ಫೆರೆರೊ, ಕೇಹಿಲ್, ಲೆಂಡ್ಲ್ ಕುರಿತು ಒಂದು ಪ್ರಶ್ನೆ

ಪ್ರಶ್ನೆ: ಮೈಸೂರಿನ ಮಾವ

ಮಾನ್ಯ ಸದಸ್ಯರಿಗೆ ನಮಸ್ಕಾರ.

2025ರ ಜೂನ್ 8ರಂದು ಪ್ಯಾರಿಸ್ಸಿನಲ್ಲಿ ನಡೆದ ಫ್ರೆಂಚ್ ಓಪನ್ ಪುರುಷರ ಫೈನಲ್ ಪಂದ್ಯವನ್ನು ಮೊನ್ನೆ ಮತ್ತೊಮ್ಮೆ ಪೂರ್ತಿಯಾಗಿ ನೋಡಿದೆ. ಕಾರ್ಲೋಸ್ ಅಲ್ಕರಾಜ್ ಮೊದಲೆರಡು ಸೆಟ್ ಸೋತು, ನಾಲ್ಕನೆಯ ಸೆಟ್ಟಿನಲ್ಲಿ ಮೂರು ಚಾಂಪಿಯನ್‌ಷಿಪ್ ಪಾಯಿಂಟ್‌ಗಳಿಂದ (ಒಂದನ್ನು ಕಳೆದುಕೊಂಡಿದ್ದರೂ ಪ್ರಶಸ್ತಿ ಕೈತಪ್ಪುತ್ತಿತ್ತು) ಪಾರಾಗಿ, 5 ಗಂಟೆ 29 ನಿಮಿಷಗಳ ಹೋರಾಟದ ಕೊನೆಗೆ ಯಾನಿಕ್ ಸಿನ್ನರ್ ಅವರನ್ನು ಮಣಿಸಿದ ಪಂದ್ಯವದು. ಮೊದಲ ಸಲ ನೋಡುವಾಗ ಚೆಂಡಿನ ಹಿಂದೆಯೇ ಕಣ್ಣು ಓಡಿತ್ತು. ಫಲಿತಾಂಶ ತಿಳಿದಿದ್ದರಿಂದ ಈ ಸಲ ಅಂಕಣದ ಅಂಚಿನಲ್ಲಿ ಕುಳಿತವರ ಕಡೆಗೂ ನೋಡಲು ಬಿಡುವಾಯಿತು.

ಅಲ್ಕರಾಜ್ ಕಡೆ ಹುವಾನ್ ಕಾರ್ಲೋಸ್ ಫೆರೆರೊ ಇದ್ದರು. 2003ರಲ್ಲಿ ಇದೇ ಫ್ರೆಂಚ್ ಓಪನ್ ಗೆದ್ದು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿಶ್ವದ ಅಗ್ರಸ್ಥಾನಕ್ಕೇರಿದವರು ಅವರು. ಸಿನ್ನರ್ ಅವರ ತರಬೇತುದಾರರಲ್ಲಿ ಒಬ್ಬರಾದ ಡ್ಯಾರೆನ್ ಕೇಹಿಲ್ ಆಟಗಾರರಾಗಿ ಏರಿದ ಅತಿ ಎತ್ತರವೆಂದರೆ 1988ರ ಅಮೆರಿಕ ಓಪನ್ ಸೆಮಿಫೈನಲ್. ಆಮೇಲೆ ಮೊಣಕಾಲಿನ ನೋವು ಅವರನ್ನು ಮುಂದಕ್ಕೆ ಹೋಗಗೊಡಲಿಲ್ಲ. ಇನ್ನೊಬ್ಬ ತರಬೇತುದಾರ ಸಿಮೋನೆ ವಾಗ್ನೋಜ್ಜಿ ಅವರಂತೂ ಸಿಂಗಲ್ಸ್‌ನಲ್ಲಿ ಮೊದಲ ನೂರು ಸ್ಥಾನಗಳೊಳಗೆ ಬಂದವರೇ ಅಲ್ಲ. ಆದರೂ ಅಂದು ಎರಡೂ ಕಡೆಯ ಸಿದ್ಧತೆಯಲ್ಲಿ ಕೂದಲೆಳೆಯಷ್ಟೂ ಅಂತರವಿರಲಿಲ್ಲ. ಹಾಗಿದ್ದರೆ ಆಟಗಾರನೊಬ್ಬ ತರಬೇತುದಾರನಾದಾಗ ಅವನ ಜೊತೆ ಬರುವುದೇನು, ಹಿಂದೆ ಉಳಿಯುವುದೇನು? ಗೆದ್ದ ಪ್ರಶಸ್ತಿಗಳು ಈ ಕೆಲಸದಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತವೆಯೆ?

ಪ್ರಶ್ನೆಗೆ ಸ್ವಂತದ ಕಾರಣವೂ ಒಂದಿದೆ. ನನ್ನ ಅಕ್ಕನ ಮಗನಿಗೆ ಈಗ ಹನ್ನೊಂದು ವರ್ಷ. ಅವನು ಹೋಗುವ ಕೇಂದ್ರದಲ್ಲಿ ಒಂದು ಕಾಲದಲ್ಲಿ ಚೆನ್ನಾಗಿಯೇ ಆಡಿ ಹೆಸರು ಮಾಡಿದವರೊಬ್ಬರು ಕಲಿಸುತ್ತಾರೆ. ಅವರ ಫೋರ್‌ಹ್ಯಾಂಡ್ ಇಂದಿಗೂ ಕಣ್ಣಿಗೆ ಹಬ್ಬ. ಆದರೆ ಹುಡುಗ ತಪ್ಪಿದಾಗಲೆಲ್ಲ ಅವರು ತಾವೇ ಒಂದು ಚೆಂಡು ಹೊಡೆದು ತೋರಿಸಿ, ‘ಹೀಗೆ ಹೊಡಿ’ ಎನ್ನುತ್ತಾರೆ. ಹುಡುಗ ಮತ್ತೆ ಹಾಗೆಯೇ ತಪ್ಪುತ್ತಾನೆ. ಆರು ತಿಂಗಳಿಂದ ಇದನ್ನೇ ನೋಡುತ್ತಿದ್ದೇನೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಆವೆಮಣ್ಣು

ಒಳ್ಳೆಯ ಪ್ರಶ್ನೆ. ಫೆರೆರೊ ಅವರ ವಿಷಯಕ್ಕಷ್ಟೇ ನನ್ನ ಮಾತನ್ನು ಸೀಮಿತಗೊಳಿಸುತ್ತೇನೆ, ಏಕೆಂದರೆ ಅವರ ಆಟವನ್ನು ಮೊದಲಿನಿಂದ ನೋಡುತ್ತ ಬಂದವನು ನಾನು.

ಮೊದಲು ಒಂದು ಕಾಕತಾಳೀಯವನ್ನು ಹೇಳಿಬಿಡುತ್ತೇನೆ. ಫೆರೆರೊ 2003ರಲ್ಲಿ ಅಗ್ರಸ್ಥಾನಕ್ಕೇರಿದ್ದು ಅಮೆರಿಕ ಓಪನ್ ಸೆಮಿಫೈನಲ್‌ನಲ್ಲಿ ಆಂಡ್ರೆ ಅಗಾಸಿ ಅವರನ್ನು ಸೋಲಿಸಿ. ಆಗ ಅಗಾಸಿ ಅವರ ತರಬೇತುದಾರರಾಗಿದ್ದವರು ಇದೇ ಕೇಹಿಲ್. ಇಪ್ಪತ್ತೆರಡು ವರ್ಷಗಳ ನಂತರ ಪ್ಯಾರಿಸ್ಸಿನಲ್ಲಿ ಇಬ್ಬರೂ ಎದುರುಬದುರಾಗಿ ಕುಳಿತಾಗ ಫೆರೆರೊಗೆ ಇದು ಎರಡನೆಯ ಕಸುಬು, ಕೇಹಿಲ್‌ಗೆ ಬಹುಮಟ್ಟಿಗೆ ಇದೇ ಕಸುಬು. ಅಗಾಸಿ ಅವರಿಗೂ ಮೊದಲು ಲೇಟನ್ ಹೆವಿಟ್, ಅವರ ನಂತರದ ವರ್ಷಗಳಲ್ಲಿ ಸಿಮೋನಾ ಹಲೆಪ್, ಈಗ ಸಿನ್ನರ್, ಹೀಗೆ ಕೇಹಿಲ್ ಅವರ ಕೈಯಲ್ಲಿದ್ದಾಗ ಅಗ್ರಸ್ಥಾನ ಕಂಡವರು ಒಬ್ಬಿಬ್ಬರಲ್ಲ.

ಫೆರೆರೊ ಗೆದ್ದದ್ದನ್ನು ನೀವು ಹೇಳಿದಿರಿ, ನನಗೆ ಮುಖ್ಯವಾಗಿ ಕಾಣುವುದು ಅವರು ಸೋತದ್ದು. ಫ್ರೆಂಚ್ ಓಪನ್ನಿನಲ್ಲಿ 2000 ಮತ್ತು 2001ರಲ್ಲಿ ಸೆಮಿಫೈನಲ್‌ನಲ್ಲಿ ಗುಸ್ತಾವೊ ಕುಯೆರ್ಟನ್ ಅವರಿಗೆ ಸೋತರು, 2002ರ ಫೈನಲ್‌ನಲ್ಲಿ ತಮ್ಮದೇ ದೇಶದ ಆಲ್ಬರ್ಟ್ ಕೋಸ್ಟಾಗೆ ಸೋತರು, ನಾಲ್ಕನೆಯ ಪ್ರಯತ್ನದಲ್ಲಿ ಗೆದ್ದರು. ಅಗ್ರಸ್ಥಾನದಲ್ಲಿ ಅವರು ಇದ್ದದ್ದು ಕೇವಲ 8 ವಾರ. 2004ರಲ್ಲಿ ಸೀತಾಳೆ ಸಿಡುಬು ಹಿಡಿಯಿತು, ಅದರ ಬೆನ್ನಿಗೇ ಗಾಯಗಳು ಬಂದವು. ಆ ವರ್ಷದ ಆಸ್ಟ್ರೇಲಿಯನ್ ಓಪನ್ನಿನ ನಂತರ ನಿವೃತ್ತಿಯವರೆಗೂ, ಅಂದರೆ 2012ರವರೆಗೂ, ಇನ್ನೊಂದು ಗ್ರ್ಯಾಂಡ್ ಸ್ಲಾಮ್ ಸೆಮಿಫೈನಲ್ ಅವರಿಗೆ ಸಿಗಲಿಲ್ಲ. ಇಪ್ಪತ್ಮೂರಕ್ಕೇ ಎಲ್ಲವನ್ನೂ ಪಡೆದು, ಅದು ಕೈಜಾರಿ ಹೋಗುವುದನ್ನು ಎಂಟೊಂಬತ್ತು ವರ್ಷ ಅಂಕಣದಲ್ಲೇ ನಿಂತು ಕಂಡ ಮನುಷ್ಯ, ಹತ್ತೊಂಬತ್ತಕ್ಕೇ ಅಗ್ರಸ್ಥಾನಕ್ಕೇರಿದ ಅಲ್ಕರಾಜ್ ಎಂಬ ಹುಡುಗನ ಬೆನ್ನಿಗೆ ನಿಂತಿದ್ದರು ಎಂಬುದನ್ನು ಗಮನಿಸಬೇಕು. ಯಾವ ವಾರ ವಿಶ್ರಾಂತಿ ಬೇಕು, ಯಾವ ಗೆಲುವಿನ ನಂತರ ತಲೆ ತಿರುಗಬಹುದು ಎಂಬುದನ್ನು ಅವರು ಊಹಿಸಬೇಕಾಗಿರಲಿಲ್ಲ.

ಇನ್ನೊಂದು ವಿಷಯ: ಅವರು ಆಟ ನಿಲ್ಲಿಸಿದ ಮರುದಿನ ತರಬೇತುದಾರರಾದವರಲ್ಲ. ಸ್ಪೇನಿನ ವಿಲ್ಯೇನಾ ಎಂಬ ಊರಿನಲ್ಲಿರುವ ಟೆನಿಸ್ ಅಕಾಡೆಮಿ ಅವರು ಆಡುತ್ತಿದ್ದಾಗಲೇ ಇತ್ತು. ಅವರನ್ನು ಹುಡುಗನಾಗಿದ್ದಾಗಿನಿಂದ ಬೆಳೆಸಿದ ತರಬೇತುದಾರ ಆಂಟೋನಿಯೊ ಮಾರ್ಟಿನೆಜ್ ಕಸ್ಕಾಲೆಸ್ ಅಲ್ಲಿಯೇ ಇದ್ದರು. 2017ರಲ್ಲಿ ಅಲೆಕ್ಸಾಂಡರ್ ಜ್ವೆರೆವ್ ಅವರ ತಂಡ ಸೇರಿದರು, ತಂಡದಲ್ಲಿ ಹೊಂದಾಣಿಕೆಯಾಗದೆ ಕೆಲವೇ ತಿಂಗಳಲ್ಲಿ ಹೊರಬಂದರು. ಅದಾದ ಮೇಲೆ 2018ರಲ್ಲಿ ಅವರು ಆರಿಸಿಕೊಂಡದ್ದು ಮುರ್ಸಿಯಾ ಬಳಿಯ ಎಲ್ ಪಾಲ್ಮಾರ್‌ನ ಹದಿನೈದು ವರ್ಷದ ಹುಡುಗ ಅಲ್ಕರಾಜ್ ಅವರನ್ನು. ಹೆಸರಾಂತ ಆಟಗಾರರೊಬ್ಬರ ಸಿದ್ಧ ತಂಡದಲ್ಲಿ ಕುರ್ಚಿ ಹುಡುಕುವ ಬದಲು ಒಬ್ಬನನ್ನು ಮೊದಲಿನಿಂದ ಬೆಳೆಸುವ ದಾರಿ ಹಿಡಿದರು. ಅವರ ಬದುಕಿನ ತಿರುವು ನಿವೃತ್ತಿಯಲ್ಲ, ಈ ಆಯ್ಕೆ ಎಂದು ನನ್ನ ಅಭಿಪ್ರಾಯ.

ಉತ್ತರ 2: ಎರಡನೇ ಸರ್ವ್

ಮೇಲಿನ ಸದಸ್ಯರ ಅಭಿಮಾನವನ್ನು ಗೌರವಿಸುತ್ತಲೇ ಒಂದು ಅನುಮಾನವನ್ನು ಮುಂದಿಡುತ್ತೇನೆ. ದೊಡ್ಡ ಆಟಗಾರರ ಹೆಸರು ತರಬೇತುದಾರರ ಪಟ್ಟಿಯಲ್ಲಿ ಕಂಡಾಗಲೆಲ್ಲ ನಾವು ಪಕ್ಕದ ಹೆಸರನ್ನು ಓದುವುದೇ ಇಲ್ಲ. ಬೋರಿಸ್ ಬೆಕರ್ 2014ರಿಂದ 2016ರವರೆಗೆ ನೊವಾಕ್ ಜೊಕೊವಿಚ್ ಅವರ ಜೊತೆಗಿದ್ದರು, ಆ ಅವಧಿಯಲ್ಲಿ ಆರು ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿಗಳು ಬಂದವು ಎನ್ನುತ್ತೇವೆ. ಆದರೆ ಆಗಲೂ ತಂಡದಲ್ಲಿ ಹಳೆಯ ತರಬೇತುದಾರ ಮರಿಯನ್ ವಾಜ್ದಾ ಇದ್ದೇ ಇದ್ದರು. ಸ್ಟೆಫಾನ್ ಎಡ್ಬರ್ಗ್ 2014 ಮತ್ತು 2015ರಲ್ಲಿ ರೋಜರ್ ಫೆಡರರ್ ಅವರನ್ನು ಮತ್ತೆ ನೆಟ್ ಬಳಿಗೆ ಕರೆತಂದರು ಎನ್ನುತ್ತೇವೆ. ಎಡ್ಬರ್ಗ್ ಬರುವ ಮೊದಲೂ ಹೋದ ನಂತರವೂ ಫೆಡರರ್ ಜೊತೆ ತರಬೇತುದಾರ ಸೆವೆರಿನ್ ಲೂಥಿ ಇದ್ದರು. ಹಿಂದಿನ ಚಾಂಪಿಯನ್ ಇವಾನ್ ಲೆಂಡ್ಲ್ ತರಬೇತುದಾರರಾಗಿ ಜೊತೆಗಿದ್ದ ಕಾಲದಲ್ಲಿಯೂ ಆ್ಯಂಡಿ ಮರ್ರೆ ಅವರ ದಿನನಿತ್ಯದ ಅಭ್ಯಾಸವನ್ನು ಮೊದಲ ಅವಧಿಯಲ್ಲಿ ಡ್ಯಾನಿ ವಾಲ್ವೆರ್ಡು, ಎರಡನೆಯ ಅವಧಿಯಲ್ಲಿ ಜೇಮಿ ಡೆಲ್ಗಾಡೊ ನೋಡಿಕೊಳ್ಳುತ್ತಿದ್ದರು. ಹಬ್ಬಕ್ಕೆ ಬರುವ ನೆಂಟರು ಬೇರೆ, ದಿನವೂ ಅಡುಗೆ ಮಾಡುವವರು ಬೇರೆ.

ರಫೆಲ್ ನಡಾಲ್ ಅವರನ್ನು ರೂಪಿಸಿದ ಚಿಕ್ಕಪ್ಪ ಟೋನಿ ನಡಾಲ್ ಅಥವಾ ಫ್ಲಾರಿಡಾದಲ್ಲಿ ಅಗಾಸಿ, ಜಿಮ್ ಕುರಿಯರ್ ಅವರಂಥವರನ್ನು ಬೆಳೆಸಿದ ನಿಕ್ ಬೊಲೆಟಿಯರಿ ವೃತ್ತಿಪರ ಟೂರ್‌ನಲ್ಲಿ ಹೆಸರು ಮಾಡಿದವರಲ್ಲ. ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೆಯ ವಯಸ್ಸಿನಲ್ಲಿ, 2024ರಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಅಗ್ರಸ್ಥಾನಕ್ಕೇರಿದಾಗ ಅವರ ಜೊತೆಗಿದ್ದ ಸ್ಕಾಟ್ ಡೇವಿಡಾಫ್ ಅವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಆದ್ದರಿಂದ ಪ್ರಶ್ನೆ ಕೇಳಿದವರು ತಮ್ಮ ಅಳಿಯನಿಗೆ ಆಟಗಾರರನ್ನಲ್ಲ, ಕಲಿಸುವವರನ್ನು ಹುಡುಕುವುದು ಲೇಸು.

ಉತ್ತರ 3: ಬುಟ್ಟಿ ತುಂಬ ಚೆಂಡು

ನಾನು ಬೆಂಗಳೂರಿನಲ್ಲಿ ಟೆನಿಸ್ ಕಲಿಸಿ ಹೊಟ್ಟೆ ಹೊರೆಯುವವನು. ಅದಕ್ಕೆ ಮೊದಲು ಕೆಲವು ವರ್ಷ ಐಟಿಎಫ್‌ನ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ) ಕೆಳಹಂತದ ಟೂರ್ನಿಗಳಲ್ಲಿ ಆಡಿದ್ದೆ. ನನ್ನ ರ‍್ಯಾಂಕಿಂಗ್ ಹೇಳಿಕೊಳ್ಳುವಂಥದ್ದಲ್ಲ, ಆದ್ದರಿಂದ ಹೇಳುವುದಿಲ್ಲ. ಪ್ರಶ್ನೆಯಲ್ಲಿ ಬಂದ ‘ಹೀಗೆ ಹೊಡಿ’ ಎಂಬ ಮಾತನ್ನು ನಾನೂ ಒಂದು ವರ್ಷ ಪೂರ್ತಿ ಹೇಳಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯಲು ಅಪ್ಪಣೆ ಕೊಡಬೇಕು.

ಕೆಲಸಕ್ಕೆ ಸೇರಿದ ಮೊದಲ ವಾರ ಎಂಟು ವರ್ಷದ ಹುಡುಗಿಯೊಬ್ಬಳು ಚೆಂಡನ್ನು ಬಹಳ ತಡವಾಗಿ, ಮೈ ಪಕ್ಕಕ್ಕೆ ಬಂದ ಮೇಲೆ ಹೊಡೆಯುತ್ತಿದ್ದಳು. ‘ಚೆಂಡನ್ನು ಮುಂದೆ ಹೊಡಿಯಮ್ಮ’ ಎಂದೆ. ಅವಳು ಮುಂದಕ್ಕೆ ಎರಡು ಹೆಜ್ಜೆ ಓಡಿಹೋಗಿ ಅಲ್ಲಿಯೂ ಹಾಗೆಯೇ ತಡವಾಗಿ ಹೊಡೆದಳು. ಇನ್ನೂ ಜೋರಾಗಿ ‘ಮುಂದೆ, ಮುಂದೆ’ ಎಂದೆ. ಈ ಸಲ ನೆಟ್ಟಿನ ಹತ್ತಿರಕ್ಕೇ ಹೋಗಿ ನಿಂತಳು. ಮಗು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿತ್ತು. ತಪ್ಪು ನನ್ನ ಮಾತಿನಲ್ಲೇ ಇತ್ತು. ‘ಮುಂದೆ’ ಎಂದರೆ ಮೈಯಿಂದ ಒಂದು ಮೊಳ ಮುಂದೆ ಎಂಬುದು ನನ್ನ ಭುಜಕ್ಕೂ ಮಣಿಕಟ್ಟಿಗೂ ಗೊತ್ತಿತ್ತೇ ಹೊರತು ಅದನ್ನು ನಾನು ಎಂದೂ ಮಾತಾಗಿಸಿರಲಿಲ್ಲ.

ಆ ದಿನ ನನ್ನನ್ನು ಕಾಪಾಡಿದವರು ಅಲ್ಲಿದ್ದ ಹಿರಿಯ ಮಾರ್ಕರ್. ಹಳೆಯ ಕ್ಲಬ್ಬುಗಳನ್ನು ಬಲ್ಲವರಿಗೆ ಈ ಪದ ಗೊತ್ತಿರುತ್ತದೆ: ಹುಡುಗನಾಗಿ ಚೆಂಡು ಹೆಕ್ಕಲು ಸೇರಿ, ಮುಂದೆ ಸದಸ್ಯರ ಜೊತೆ ಆಡಿ ಅಭ್ಯಾಸ ಮಾಡಿಸುವವರಾಗಿ ಬೆಳೆದವರನ್ನು ಹಾಗೆ ಕರೆಯುತ್ತಾರೆ. ಅವರು ಬಂದು, ಮಗುವಿನ ಎಡ ತೊಡೆಯಿಂದ ಒಂದಿಷ್ಟು ಮುಂದೆ ಗಾಳಿಯಲ್ಲಿ ತಮ್ಮ ಅಂಗೈ ಹಿಡಿದು, ‘ರಾಕೆಟ್ ಕೆಳಗಿಡು, ಇಲ್ಲಿ ನನ್ನ ಕೈಗೆ ಒಂದು ಏಟು ಹೊಡಿ’ ಎಂದರು. ಅವಳು ಬಲಗೈಯಿಂದ ಪಟ್ಟೆಂದು ಹೊಡೆದಳು. ಹತ್ತು ಸಲ ಹೊಡೆಸಿದ ಮೇಲೆ ರಾಕೆಟ್ ಕೊಟ್ಟು, ಅದೇ ಜಾಗಕ್ಕೆ ಕೈಯಿಂದಲೇ ಒಂದು ಚೆಂಡು ಬಿಟ್ಟರು. ಚೆಂಡು ನೆಟ್ ದಾಟಿತು. ಅವರು ಮಗುವಿಗೆ ವಿವರಿಸಿದ್ದು ಇಷ್ಟೆ, ಆಮೇಲೆ ನನ್ನ ಕಡೆ ತಿರುಗಿ ಏನನ್ನೂ ಹೇಳದೆ ಹೋದರು.

ಚೆಂಡು ಕೊಡುವುದು, ನಮ್ಮ ಮಾತಿನಲ್ಲಿ ಫೀಡಿಂಗ್, ಹೊರಗಿನವರಿಗೆ ಕೂಲಿ ಕೆಲಸದಂತೆ ಕಾಣುತ್ತದೆ. ಆಟಗಾರನಿಗೆ ಅದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಹತ್ತು ಹದಿನೈದು ವರ್ಷ ಅವನ ಕೈ ಪಳಗಿರುವುದು ಎದುರಿಗಿದ್ದವರು ಹೊಡೆಯಲಾಗದ ಚೆಂಡನ್ನು ಕಳುಹಿಸಲು. ತರಬೇತುದಾರನಾದ ಕ್ಷಣದಿಂದ ಎದುರಿಗಿದ್ದವರು ಹೊಡೆಯಬಲ್ಲ, ಆದರೆ ಸ್ವಲ್ಪ ಕಷ್ಟಪಟ್ಟೇ ಹೊಡೆಯಬೇಕಾದ ಚೆಂಡನ್ನು, ಅದೇ ಎತ್ತರಕ್ಕೆ, ಅದೇ ವೇಗದಲ್ಲಿ, ಒಂದು ಬುಟ್ಟಿ ಖಾಲಿಯಾಗುವವರೆಗೆ ಕೊಡಬೇಕು. ಮಕ್ಕಳಿಗೆ ಬಳಸುವ ಕೆಂಪು ಚೆಂಡು ಸಾಮಾನ್ಯ ಹಳದಿ ಚೆಂಡಿಗಿಂತ ಸುಮಾರು 75% ನಿಧಾನ, ಅಂಕಣದ ಉದ್ದ 11 ಮೀಟರ್ ಮಾತ್ರ. ಅಲ್ಲಿ ನನ್ನ ಮೊದಲ ದಿನಗಳ ಫೀಡಿಂಗ್ ಎಲ್ಲವೂ ಹಿಂದಿನ ಬೇಲಿಗೇ ಹೋಗಿ ಬೀಳುತ್ತಿತ್ತು.

ಅದಕ್ಕಿಂತ ಕಷ್ಟದ್ದು ಕಣ್ಣಿನದು. ಆಟಗಾರನ ಕಣ್ಣು ಚೆಂಡನ್ನು ಬಿಟ್ಟು ಅಲುಗುವುದಿಲ್ಲ, ಅದೇ ಅವನ ಅನ್ನ. ತರಬೇತುದಾರ ಚೆಂಡನ್ನು ಕೊಟ್ಟ ಮರುಕ್ಷಣ ಅದನ್ನು ಮರೆತು ಕಲಿಯುವವನ ಕಾಲನ್ನು ನೋಡಬೇಕು: ಎದುರಾಳಿ ಹೊಡೆಯುವ ಹೊತ್ತಿಗೆ ಸಣ್ಣ ಜಿಗಿತ ಹಾಕಿ ಎರಡೂ ಪಾದಗಳ ಮೇಲೆ ಇಳಿದನೇ, ಮೊದಲು ಯಾವ ಪಾದ ತಿರುಗಿತು, ಭುಜ ಅದರ ಜೊತೆಗೆ ತಿರುಗಿತೇ ಅಥವಾ ಕೈಯೊಂದೇ ಹಿಂದಕ್ಕೆ ಹೋಯಿತೇ ಎಂದು. ಚೆಂಡು ಹೊರಗೆ ಬಿದ್ದದ್ದು ನೋಡದೆಯೇ ತಿಳಿಯುತ್ತದೆ, ಏಕೆ ಬಿತ್ತೆಂಬುದು ನೋಡದೆ ತಿಳಿಯುವುದಿಲ್ಲ. ಐಟಿಎಫ್‌ನ ಮೊದಲ ಹಂತದ ಕೋರ್ಸಿಗೆ ಹೋದಾಗ ನನ್ನ ಫೋರ್‌ಹ್ಯಾಂಡನ್ನು ಯಾರೂ ಹೊಗಳಲಿಲ್ಲ. ‘ನೀನು ಎಲ್ಲಿ ನೋಡುತ್ತಿದ್ದೀಯ?’ ಎಂದೇ ಪ್ರತಿ ಸಲ ಕೇಳಿದರು. ಈ ಅಭ್ಯಾಸ ಬಿಡಲು ನನಗೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಹಾಗೆಂದು ‘ಎರಡನೇ ಸರ್ವ್’ ಅವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಲೆಂಡ್ಲ್ ಹಬ್ಬಕ್ಕೆ ಬಂದ ನೆಂಟರೇ ಇರಬಹುದು, ಆದರೆ ಅವರು ತಂದದ್ದನ್ನು ಬೇರೆ ಯಾರೂ ತರುವಂತಿರಲಿಲ್ಲ. ಲೆಂಡ್ಲ್ ತಮ್ಮ ಮೊದಲ ನಾಲ್ಕು ಗ್ರ್ಯಾಂಡ್ ಸ್ಲಾಮ್ ಫೈನಲ್‌ಗಳನ್ನು ಸೋತು, ಐದನೆಯದನ್ನು 1984ರಲ್ಲಿ ಪ್ಯಾರಿಸ್ಸಿನಲ್ಲಿ ಗೆದ್ದವರು. ಮರ್ರೆ ಕೂಡ ಮೊದಲ ನಾಲ್ಕನ್ನು ಸೋತರು. ನಾಲ್ಕನೆಯದು 2012ರ ವಿಂಬಲ್ಡನ್; ಅಂದು ಲೆಂಡ್ಲ್ ಅವರೇ ತರಬೇತುದಾರರು. ನಾಲ್ಕು ವಾರಗಳ ನಂತರ ಅದೇ ಅಂಕಣದಲ್ಲಿ, ಅದೇ ಫೆಡರರ್ ಎದುರು ಮರ್ರೆ ಒಲಿಂಪಿಕ್ ಚಿನ್ನ ಗೆದ್ದರು, ಸೆಪ್ಟೆಂಬರಿನಲ್ಲಿ ಅಮೆರಿಕ ಓಪನ್ ಗೆದ್ದರು, ಮರುವರ್ಷ ವಿಂಬಲ್ಡನ್ ಗೆದ್ದರು. ನಾಲ್ಕು ಫೈನಲ್ ಸೋತವನಿಗೆ ‘ಇದು ದಾಟುತ್ತದೆ’ ಎಂದು ಯಾರು ಬೇಕಾದರೂ ಹೇಳಬಹುದು. ದಾಟಿ ಬಂದವರೇ ಅದನ್ನು ಹೇಳಿದಾಗ ಆ ಮಾತಿಗೆ ಬರುವ ತೂಕ ಬೇರೆ. ಆವೆಮಣ್ಣು ಅವರು ಫೆರೆರೊ ಬಗ್ಗೆ ಹೇಳಿದ್ದೂ ಇದನ್ನೇ. ನನ್ನ ಅನುಭವದಲ್ಲಿಯೂ ಮಕ್ಕಳಿಗೆ ಉಪಯೋಗವಾಗಿರುವುದು ನಾನು ಗೆದ್ದ ಪಂದ್ಯಗಳ ಕತೆಯಲ್ಲ, 5-2ರ ಮುನ್ನಡೆಯಿಂದ ಸೋತ ಪಂದ್ಯಗಳ ಕತೆ.

ಉತ್ತರ 4: ನೆಟ್ ಹತ್ತಿರ

ಇಷ್ಟು ಹೊತ್ತಿನ ಚರ್ಚೆಯಲ್ಲಿ ಒಬ್ಬ ಮಹಿಳಾ ತರಬೇತುದಾರರ ಹೆಸರೂ ಬರಲಿಲ್ಲ. ಲೆಂಡ್ಲ್ ಅವರ ಮೊದಲೆರಡು ಅವಧಿಗಳ ನಡುವೆ, 2014ರಿಂದ 2016ರವರೆಗೆ, ಮರ್ರೆ ಅವರ ತರಬೇತುದಾರರಾಗಿದ್ದವರು ಅಮೆಲಿ ಮೌರೆಸ್ಮೊ. ಅವರೂ ಎರಡು ಗ್ರ್ಯಾಂಡ್ ಸ್ಲಾಮ್ ಗೆದ್ದು ಅಗ್ರಸ್ಥಾನ ಕಂಡವರೇ. ಮರ್ರೆ ತಮ್ಮ ಜೀವನದ ಮೊದಲ ಆವೆಮಣ್ಣಿನ ಅಂಕಣದ ಪ್ರಶಸ್ತಿಗಳನ್ನು 2015ರಲ್ಲಿ ಮ್ಯೂನಿಕ್ ಮತ್ತು ಮ್ಯಾಡ್ರಿಡ್‌ನಲ್ಲಿ ಗೆದ್ದದ್ದು ಅವರ ಕಾಲದಲ್ಲಿ. ಲೆಂಡ್ಲ್ ಇದ್ದಾಗ ಸೋತರೆ ಜನ ಮರ್ರೆಯನ್ನು ಬೈಯುತ್ತಿದ್ದರು, ಮೌರೆಸ್ಮೊ ಇದ್ದಾಗ ಸೋತರೆ ಮೌರೆಸ್ಮೊ ಅವರನ್ನು ಬೈಯುತ್ತಿದ್ದರು. ಇದನ್ನು ಮರ್ರೆಯೇ ಬಹಿರಂಗವಾಗಿ ಖಂಡಿಸಿದರು. 1994ರಲ್ಲಿ ವಿಂಬಲ್ಡನ್ ಗೆದ್ದ ಕೊಂಚಿಟಾ ಮಾರ್ಟಿನೆಜ್ 2017ರ ವಿಂಬಲ್ಡನ್ನಿನಲ್ಲಿ ಗಾರ್ಬಿನ್ ಮುಗುರುಜಾ ಅವರ ಜೊತೆಗಿದ್ದರು, ಮುಗುರುಜಾ ಗೆದ್ದರು. ಆಟದಿಂದ ತರಬೇತಿಗೆ ದಾಟುವ ಸೇತುವೆ ಎಲ್ಲರಿಗೂ ಒಂದೇ ಅಗಲದ್ದಲ್ಲ ಎಂಬುದನ್ನು ನೆನಪಿಸಲಷ್ಟೇ ಇದನ್ನು ಬರೆದೆ.

ಮೈಸೂರಿನ ಮಾವ

ಎಲ್ಲರಿಗೂ ಕೃತಜ್ಞತೆಗಳು. ಮೌರೆಸ್ಮೊ ಅವರನ್ನು ನಾನು ಮರೆತದ್ದು ತಪ್ಪೇ.

ಇನ್ನೊಂದು ಸಂದೇಹ ಉಳಿದಿದೆ. ಫೆರೆರೊ ಮತ್ತು ಅಲ್ಕರಾಜ್ ಏಳು ವರ್ಷ ಜೊತೆಗಿದ್ದು, ಆರು ಗ್ರ್ಯಾಂಡ್ ಸ್ಲಾಮ್ ಗೆದ್ದು, 2025ರ ಡಿಸೆಂಬರಿನಲ್ಲಿ ಬೇರೆಯಾದರು. ಮುಂದುವರಿಯುವ ಆಸೆ ತಮಗಿತ್ತೆಂದು ಫೆರೆರೊ ಬರೆದುಕೊಂಡಿದ್ದರು. ನಮ್ಮಲ್ಲಿ ಗುರುವನ್ನು ಶಿಷ್ಯ ಬಿಟ್ಟು ಹೋಗುವುದುಂಟು, ಆದರೆ ಗುರುವಿಗೆ ಸಂಬಳ ಕೊಡುವವನೂ, ಬೇಡವಾದಾಗ ಬಿಡಿಸುವವನೂ ಶಿಷ್ಯನೇ ಎಂಬ ಏರ್ಪಾಡು ವಿಚಿತ್ರವಾಗಿ ಕಾಣುತ್ತದೆ. ಅಗ್ರಸ್ಥಾನ ಕಂಡ ಮನುಷ್ಯ ಇದನ್ನು ಹೇಗೆ ಒಪ್ಪಿಕೊಳ್ಳುತ್ತಾನೆ?

ಆವೆಮಣ್ಣು

ಒಪ್ಪಿಕೊಳ್ಳಲಾಗದವರು ಹೆಚ್ಚು ದಿನ ಈ ಕೆಲಸದಲ್ಲಿ ಉಳಿಯುವುದಿಲ್ಲ. ಆಟಗಾರನಾಗಿದ್ದಾಗ ಇಡೀ ತಂಡ ಇವನ ಊಟ, ನಿದ್ದೆ, ಪ್ರಯಾಣದ ಸುತ್ತ ತಿರುಗುತ್ತಿತ್ತು. ಈಗ ಇವನು ಇನ್ನೊಬ್ಬನ ಊಟ, ನಿದ್ದೆಯ ಸುತ್ತ ತಿರುಗಬೇಕು, ವರ್ಷದ ಬಹುಪಾಲು ಹೋಟೆಲುಗಳಲ್ಲಿ ಕಳೆಯಬೇಕು. 2022ರ ಮಾರ್ಚಿನಲ್ಲಿ ಫೆರೆರೊ ಅವರ ತಂದೆ ತೀರಿಕೊಂಡರು. ಆಗ ಅಲ್ಕರಾಜ್ ಮಯಾಮಿಯಲ್ಲಿ ಆಡುತ್ತಿದ್ದರು. ಫೈನಲ್‌ಗೆ ಮೊದಲು ಫೆರೆರೊ ಅನಿರೀಕ್ಷಿತವಾಗಿ ವಿಮಾನ ಹತ್ತಿ ಅಲ್ಲಿಗೆ ಬಂದಿಳಿದರು. ಹುಡುಗ ಅಂದು ಗೆದ್ದ ಮೇಲೆ ಇಬ್ಬರೂ ಅಪ್ಪಿಕೊಂಡು ನಿಂತದ್ದನ್ನು ನೋಡಿದವರು ಮರೆಯಲಾರರು. ಸಂಬಳದ ಲೆಕ್ಕಕ್ಕೆ ಇದು ಬರುವುದಿಲ್ಲ, ಒಪ್ಪಂದ ಮುಗಿಯುವುದನ್ನು ಇದು ತಡೆಯುವುದೂ ಇಲ್ಲ.

ಇನ್ನೊಂದು ಮಾತು. ತೀರ ಇತ್ತೀಚಿನವರೆಗೆ ತರಬೇತುದಾರರು ಪಂದ್ಯದ ನಡುವೆ ಬಾಯಿ ಬಿಡುವಂತಿರಲಿಲ್ಲ. ಪುರುಷರ ಟೂರ್‌ನಲ್ಲಿ 2022ರ ಜುಲೈನಿಂದ ಪ್ರಯೋಗವಾಗಿ ಶುರುವಾದ ವಿನಾಯಿತಿ 2025ರ ಜನವರಿಯಿಂದ ನಿಯಮಾವಳಿಯನ್ನೇ ಸೇರಿತು. ಅದಕ್ಕೂ ಮೊದಲಿನ ತಲೆಮಾರಿನ ತರಬೇತುದಾರರು, ಲೆಂಡ್ಲ್ ಅಂಥವರು, ತಮಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನು ಇನ್ನೊಬ್ಬ ಬಿಡಿಸಲಾಗದೆ ಒದ್ದಾಡುವುದನ್ನು ಗಂಟೆಗಟ್ಟಲೆ ಕಲ್ಲಿನಂತೆ ಕುಳಿತು ನೋಡಬೇಕಾಗಿತ್ತು. ಸಂಬಳಕ್ಕಿಂತ ಅದು ಕಠಿಣವೆಂದು ನನಗೆ ಅನ್ನಿಸುತ್ತದೆ.

ಮೈಸೂರಿನ ಮಾವ

ನಿನ್ನೆ ಸಂಜೆ ‘ಬುಟ್ಟಿ ತುಂಬ ಚೆಂಡು’ ಅವರ ಮಾತನ್ನು ತಲೆಯಲ್ಲಿಟ್ಟುಕೊಂಡು ಅಂಕಣಕ್ಕೆ ಹೋಗಿ, ಬೇಲಿಯ ಹೊರಗೆ ಕುಳಿತು ಒಂದು ಗಂಟೆ ಬರಿಯ ತರಬೇತುದಾರರ ಕಣ್ಣನ್ನೇ ನೋಡಿದೆ. ಪ್ರತಿ ಚೆಂಡನ್ನೂ ಅದು ಬೀಳುವವರೆಗೆ ಹಿಂಬಾಲಿಸಿದರು. ಒಳ್ಳೆಯ ಹೊಡೆತವಾದರೆ ಅವರ ಬಲಭುಜ ತಾನೇ ಹೊಡೆದಂತೆ ಅಲುಗುತ್ತಿತ್ತು. ಅವರ ಮೇಲಿದ್ದ ಸಿಟ್ಟು ಅಲ್ಲಿಯೇ ಅರ್ಧ ಇಳಿಯಿತು. ಈ ಭಾನುವಾರ ಅವರೊಂದಿಗೇ ಕುಳಿತು ಈ ವಿಷಯ ಮಾತನಾಡಬೇಕೆಂದಿದ್ದೇನೆ. ಇಡೀ ಗಂಟೆಯಲ್ಲಿ ನನ್ನ ಅಳಿಯನ ಕಾಲಿನ ಕಡೆ ಅವರು ನೋಡಿದ್ದು ಎರಡೇ ಸಲ, ಆ ಎರಡು ಸಲವೂ ಅವನ ಶೂ ಲೇಸ್ ಬಿಚ್ಚಿಕೊಂಡಿತ್ತು.